ಐಸ್ ಮೆಷಿನ್ನೂ ಹಂದರಗಂಬವೂ

ಆಕ್ಲೆಂಡಿನ ಮೌಂಟ್ ಆಲ್ಬರ್ಟ್ ಬಡಾವಣೆಯ ರಾಮಮೂರ್ತಿಯವರಿಗೆ ಆ ಭಾನುವಾರ ಬೇಕಾಗಿದ್ದದ್ದು ಒಂದೇ ಒಂದು ಗುಂಡಿ, ಅದೂ ಮೊಣಕಾಲುದ್ದದ್ದು. ಮಗಳು ಮಾನ್ಯಳ ಮದುವೆಗೆ ಹಿತ್ತಲಲ್ಲಿ ಚಪ್ಪರ ಹಾಕಬೇಕು. ಅದರ ಮೊದಲ ಕಂಬವನ್ನು, ಅಂದರೆ ಹಂದರಗಂಬವನ್ನು, ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ನೆಡಬೇಕೆಂದು ಮೈಸೂರಿನ ಭಟ್ಟರು ಮುಹೂರ್ತ ಬರೆದು ಕಳಿಸಿದ್ದರು.

ಹಾಲ್ ಬುಕ್ ಮಾಡೋಣವೆಂದು ಮನೆಯವರೆಲ್ಲ ಹೇಳಿದ್ದರು. ರಾಮಮೂರ್ತಿ ಕೇಳಲಿಲ್ಲ. ಒಂಬತ್ತು ವರ್ಷದ ಹುಡುಗನಾಗಿದ್ದಾಗ ಮೈಸೂರಿನ ಚಾಮುಂಡಿಪುರಂ ಮನೆಯ ಮುಂದೆ ಅಕ್ಕನ ಮದುವೆಗೆ ಕಂಬ ನೆಟ್ಟದ್ದು ಅವರಿಗೆ ಇನ್ನೂ ಕಣ್ಣಿಗೆ ಕಟ್ಟಿದಂತಿತ್ತು. ಅಪ್ಪ ಪಂಚೆ ಎತ್ತಿಕಟ್ಟಿ ಅಗೆದಿದ್ದರು. ಗುಂಡಿಗೆ ಹಾಲು ಹೊಯ್ಯುವ ಭಾಗ್ಯ ಇವರ ಪಾಲಿಗೆ ಬಂದಿತ್ತು. ಆ ಹಸಿ ಮಣ್ಣಿನ ವಾಸನೆಯೇನು, ಹೆಂಗಸರ ಸೋಬಾನೆಯೇನು, ಅಡಿಗೆಯವರ ಬಿಸಿ ಬಿಸಿ ಉಪ್ಪಿಟ್ಟೇನು! ತನ್ನ ಮಗಳಿಗೂ ಅದು ಸಿಗಲೇಬೇಕೆಂದು ಹಟ ಹಿಡಿದಿದ್ದರು.

ಆದರೆ ಫೆಬ್ರವರಿಯ ಬಿಸಿಲಿಗೆ ಹಿತ್ತಲ ಜೇಡಿಮಣ್ಣು ಕಲ್ಲಾಗಿತ್ತು. ಶನಿವಾರವೇ ಗುದ್ದಲಿಯ ಹಿಡಿ ಮುರಿದು ಕೈಗೆ ಬಂತು. ಆಗ ಅವರಿಗೆ ಗರಾಜಿನ ಮೆಷಿನ್ನು ನೆನಪಾಯಿತು. ಕೆನಡಾಕ್ಕೆ ವಾಪಸ್ಸು ಹೋದ ಸಹೋದ್ಯೋಗಿಯೊಬ್ಬ ಕೊಟ್ಟುಹೋದದ್ದು. ಅಲ್ಲಿ ಚಳಿಗೆ ಕೆರೆ ಹೆಪ್ಪುಗಟ್ಟಿದಾಗ ಐಸಿನಲ್ಲಿ ತೂತು ಕೊರೆದು ಮೀನು ಹಿಡಿಯುತ್ತಾರಂತೆ. ಆ ತೂತು ಕೊರೆಯುವ ಯಂತ್ರ ಇದು. ಎದೆಯೆತ್ತರದ ಉಕ್ಕಿನ ತಿರುಪು, ಮೇಲೊಂದು ಇಂಜಿನ್ನು, ಪಕ್ಕದಲ್ಲಿ ತಂಬಿಗೆ ಗಾತ್ರದ ಪ್ರೊಪೇನ್ ಗ್ಯಾಸಿನ ಸಿಲಿಂಡರು.

“ಮೀನು ತಿನ್ನದ ಮನೇಲಿ ಮೀನು ಹಿಡಿಯೋ ಮೆಷಿನ್ನು! ಈ ಊರಲ್ಲಿ ಐಸ್ ಇರೋದು ಫ್ರಿಜ್ಜಲ್ಲಿ ಮಾತ್ರ ಕಣ್ರೀ,” ಎಂದು ಹೆಂಡತಿ ಚಂದ್ರಿಕಾ ಮೂರು ವರ್ಷದಿಂದ ಆಡಿಕೊಳ್ಳುತ್ತಿದ್ದರು.

“ಇವತ್ತು ನೋಡ್ತಿರು!” ಎಂದು ರಾಮಮೂರ್ತಿ ಒಂಬತ್ತೂವರೆಗೆ ಸ್ಟಾರ್ಟರ್ ಹಗ್ಗ ಎಳೆದರು. ಮೆಷಿನ್ನು ‘ಖಕ್’ ಎಂದಿತು. ಮತ್ತೆ ಎಳೆದರು. ಮತ್ತೆ ‘ಖಕ್’.

ಆರತಿ ತಟ್ಟೆ ಹಿಡಿದು ನಿಂತಿದ್ದ ಎದುರುಮನೆಯ ಭಾರ್ಗವಿ ಆಂಟಿಗೆ ತಡೆಯಲಾಗಲಿಲ್ಲ. “ಒಂದ್ಸಲ ಪಕ್ಕಕ್ಕೆ ಬಗ್ಗಿಸಿ ರಾಮಮೂರ್ತಿ. ನಮ್ಮನೆಯವರ ಹಳೇ ಸ್ಕೂಟರು ಹಾಗೆ ಮಾಡಿದ್ರೇ ಸ್ಟಾರ್ಟ್ ಆಗ್ತಿದ್ದಿದ್ದು.”

ಸ್ಕೂಟರ್ ಎಂದೊಡನೆ ರಾಮಮೂರ್ತಿಗೂ ಹಳೆಯ ಮೈಸೂರು ನೆನಪಾಗಿ, ಮೆಷಿನ್ನನ್ನು ತಬ್ಬಿಕೊಂಡು ಭಕ್ತಿಯಿಂದ ಬಗ್ಗಿಸಿದರು.

“ಅಪ್ಪಾ, ಇಟ್ಸ್ ಗ್ಯಾಸ್! ನಾಟ್ ಪೆಟ್ರೋಲ್!” ಎಂದು ಮಾನ್ಯ ಹಣೆ ಚಚ್ಚಿಕೊಂಡಳು.

ಪಕ್ಕದ ಮನೆಯ ಹುಬ್ಬಳ್ಳಿಯ ಶಫಿ ಬೇಲಿ ದಾಟಿ ಬಂದರು. ಹೋಟೆಲುಗಳ ಗ್ಯಾಸ್ ಒಲೆ ರಿಪೇರಿ ಅವರ ಕಸುಬು. “ಸರ, ವಾಲ್ವ್ ಒಮ್ಮಿಗೇ ತಿರುವಬ್ಯಾಡ್ರಿ. ಹಂಗ ಮಾಡಿದ್ರ ರೆಗ್ಯುಲೇಟರ್ ತಾನಾ ಗ್ಯಾಸ್ ಬಂದ್ ಮಾಡ್ತೈತಿ. ಪೂರಾ ಬಂದ್ ಮಾಡಿ, ಸಾವಕಾಶ ಬಿಡ್ರಿ.”

ಹಾಗೆ ಮಾಡಿದ್ದೇ ತಡ, ಮೆಷಿನ್ನು ಬೀದಿಗೆಲ್ಲ ಕೇಳುವಂತೆ ಗುಡುಗಿತು. ಆದರೆ ಐಸಿಗೆ ಮಾಡಿದ ಅಲಗು ಮಣ್ಣಿಗೆ ಹಿಡಿಯಬೇಕಲ್ಲ! ಅದು ಒಂದು ಕಡೆ ಸಿಕ್ಕಿಕೊಂಡು, ಬದಲಿಗೆ ರಾಮಮೂರ್ತಿಯವರೇ ಅದರ ಸುತ್ತ ಎರಡು ಪ್ರದಕ್ಷಿಣೆ ಬಂದರು. ಶಫಿ ಇನ್ನೊಂದು ಹಿಡಿ ಹಿಡಿದರು. ಮಾನ್ಯ ಒಂದು ಬಕೆಟ್ ನೀರು ಸುರಿದಳು. ಈಗ ತಿರುಪು ಸರಸರನೆ ಎರಡು ಅಡಿ ಇಳಿದು, ಗಕ್ಕೆಂದು ನಿಂತುಬಿಟ್ಟಿತು. ಶಫಿ ಗ್ಯಾಸ್ ಬಂದ್ ಮಾಡಿ ಸಿಲಿಂಡರ್ ಕಳಚಿಟ್ಟರು. ಆಮೇಲೆ ಮೂರು ಜನ ಸೇರಿ ಜಗ್ಗಿದರು. ಜಪ್ಪಯ್ಯ ಅಂದರೂ ಮೆಷಿನ್ನು ಕದಲಲಿಲ್ಲ.

“ಹತ್ತೂ ಹದಿನೇಳು!” ಚಂದ್ರಿಕಾ ಕೂಗಿದರು. “ಇನ್ನೇನ್ರೀ ನೋಡ್ತೀರಾ? ನೆಟ್ಟಗೆ ನಿಂತಿದೆಯಲ್ಲ, ಇದೇ ಹಂದರಗಂಬ!”

ಬೇರೆ ದಾರಿಯೇ ಇರಲಿಲ್ಲ. ಭಾರ್ಗವಿ ಆಂಟಿ ಇಂಜಿನ್ನಿಗೆ ಅರಿಶಿನ ಕುಂಕುಮ ಮೆತ್ತಿ, ನವಧಾನ್ಯದ ಗಂಟು ಕಟ್ಟಿ, ಸೋಬಾನೆ ಶುರುಮಾಡಿದರು. ಮಾವಿನೆಲೆ ಸಾಲದೆ ಹಿತ್ತಲ ಫಿಜೋವಾ ಹಣ್ಣಿನ ಗಿಡದ ಸೊಪ್ಪನ್ನೂ ಸೇರಿಸಿ ಕಟ್ಟಿದಾಗ ಮೆಷಿನ್ನು ಎಲೆಯಲ್ಲಿ ಮುಳುಗಿಹೋಯಿತು.

“ಅಪ್ಪಾ, ಹಾಲು ನಾನು ಹಾಕ್ಲಾ?” ಮಾನ್ಯ ಕೇಳಿದಳು, ಅಪರೂಪಕ್ಕೆ ಕನ್ನಡದಲ್ಲಿ.

ರಾಮಮೂರ್ತಿಯವರ ಕಣ್ಣು ತುಂಬಿಬಂತು. ಒದ್ದೆ ಮಣ್ಣಿನ ವಾಸನೆ ಥೇಟ್ ಚಾಮುಂಡಿಪುರದ್ದೇ ಆಗಿತ್ತು. ಸರಿಯಾಗಿ ಹತ್ತೂ ಇಪ್ಪತ್ತಕ್ಕೆ ಆರತಿ ಆಯಿತು. ಭಟ್ಟರಿಗೆ ಫೋಟೋ ಕಳಿಸಿ ಎಲ್ಲರೂ ಉಪ್ಪಿಟ್ಟಿಗೆ ಕೂತರು.

ಮಧ್ಯಾಹ್ನ ಒಂದೂವರೆಗೆ ಮೈಸೂರಿನಿಂದ ಭಟ್ಟರ ಫೋನು ಬಂತು.

“ಏನ್ ಸ್ವಾಮಿ ಇದು, ನಮಗಿನ್ನೂ ಬೆಳಗ್ಗೆ ಆರು ಗಂಟೆ, ಆಗ್ಲೇ ನೆಟ್ಟುಬಿಟ್ರಾ? ಹತ್ತೂ ಇಪ್ಪತ್ತು ಅಂತ ನಾನು ಬರೆದದ್ದು ಇಲ್ಲಿನ ಟೈಮು!”

ರಾಮಮೂರ್ತಿ ಬೆರಳು ಮಡಿಸಿ ಎಣಿಸಿದರು. ಅಲ್ಲಿನ ಹತ್ತೂ ಇಪ್ಪತ್ತು ಅಂದರೆ ಆಕ್ಲೆಂಡಿನಲ್ಲಿ ಸಂಜೆ ಐದೂ ಐವತ್ತು. ಹೋದ ಜೀವ ಬಂದಂತಾಯಿತು. “ಹಾಗಾದ್ರೆ ಇನ್ನೂ ಟೈಮಿದೆ ಭಟ್ರೇ. ಹೇಗಾದ್ರೂ ಮಾಡಿ ಇದನ್ನೇ ಕಿತ್ತು, ಸಂಜೆ ಇನ್ನೊಂದು ಸಲ...”

“ಶಿವ ಶಿವಾ! ಪೂಜೆಯಾದ ಹಂದರಗಂಬಾನ ಮದುವೆ ಮುಗಿಯೋ ತನಕ ಅಲ್ಲಾಡಿಸೋ ಹಾಗೇ ಇಲ್ಲ! ಅದು ಅಲ್ಲೇ ಇರಲಿ. ಪಕ್ಕದಲ್ಲಿ ಹೊಸ ಗುಂಡಿ ತೆಗೆದು ಇನ್ನೊಂದು ಕಂಬ ನೆಡಿ,” ಎಂದ ಭಟ್ಟರು ಧೈರ್ಯ ತುಂಬಿದರು. “ಚಿಂತೆ ಯಾಕೆ? ಗುಂಡಿ ತೋಡೋ ಮೆಷಿನ್ನೇ ಇದೆ ಅಂತ ಚಂದ್ರಿಕಮ್ಮ ಹೇಳಿದ್ರಲ್ಲ!”