ಕಂಪ್ಯೂಟರಿಗೂ ಬೇಕು ಕೈಗುಣ

ಗೊತ್ತಿರುವ ಕೆಲಸಕ್ಕೆ ನನ್ನನ್ನು ಕರೆದವರು ಕಡಿಮೆ. ಗೊತ್ತಿಲ್ಲದ ಕೆಲಸಕ್ಕಾದರೆ ಬಸ್ ಸ್ಟ್ಯಾಂಡಿನಲ್ಲಿ ಕಾದು ನಿಂತು, ಕೈಚೀಲ ಇಸಿದುಕೊಂಡು, ಮರ್ಯಾದೆಯಿಂದ ಕರೆದೊಯ್ದಿದ್ದಾರೆ. ಹೀಗೆ ಎಂಬತ್ತರ ದಶಕದ ಕೊನೆಯ ಎರಡು ಮೂರು ವರ್ಷ ನಾನು ಬಳ್ಳಾರಿ ಸೀಮೆಯ ಕಂಪ್ಯೂಟರ್ ತಜ್ಞನಾಗಿದ್ದೆ. ನೆನೆಸಿಕೊಂಡರೆ ಇವತ್ತಿಗೂ ನಗು ಬರುತ್ತದೆ, ಅದರ ಹಿಂದೆಯೇ ಸ್ವಲ್ಪ ನಾಚಿಕೆಯೂ.

ಬೋರ್ಡಿನಲ್ಲಿ ಉಳಿದ ಜಾಗ

ಸತ್ಯನಾರಾಯಣಪೇಟೆಯಲ್ಲಿ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ. ಎದುರುಗಡೆಯವನು ಹೊಸದಾಗಿ "ಟಿವಿ ರಿಪೇರಿ" ಎಂದು ಬೋರ್ಡು ಹಾಕಿದ. ನಾನು ಸುಮ್ಮನಿರುವ ಜಾತಿಯಲ್ಲ. ಪೇಂಟರನ್ನು ಕರೆಸಿ ರೇಡಿಯೋ, ಟೇಪ್‌ರೆಕಾರ್ಡರ್, ಟಿವಿ ಎಲ್ಲವನ್ನೂ ಬರೆಸಿದೆ. ಬರೆದಾದ ಮೇಲೆ ಆತ ಏಣಿಯ ಮೇಲಿಂದಲೇ ಕೇಳಿದ:

"ಕೆಳಗ ಒಂದು ಸಾಲಿಂದು ಜಾಗ ಉಳಿದೈತ್ರಿ. ಏನು ಬರೀಲಿ?"

ಆ ವಾರವಷ್ಟೇ ಕ್ಷೌರದಂಗಡಿಯ ಪತ್ರಿಕೆಯಲ್ಲಿ ಕಂಪ್ಯೂಟರಿನ ಫೋಟೋ ನೋಡಿದ್ದೆ. "ಕಂಪ್ಯೂಟರ್ ಅಂತ ಬರಿ" ಅಂದೆ.

ಬಳ್ಳಾರಿಯಲ್ಲಿ ಅದು ಯಾರ ಮನೆಯಲ್ಲಿ ಇದ್ದೀತು ಎಂಬ ಧೈರ್ಯ. ಹೆಂಡತಿ ಬೋರ್ಡು ಓದಿ, "ನಿಮಗ ಏನೂ ಬರಂಗಿಲ್ಲಂತ ಗೊತ್ತಾದ್ರ ರೇಡಿಯೋ ತರೋರೂ ಎದುರಿಗಿನ ಅಂಗಡಿಗೇ ಹೋಗ್ತಾರ, ನೋಡ್ರಿ" ಅಂದಳು. ಅವಳ ಮಾತು ನಿಜ. ಅಂಗಡಿಯ ಹೆಸರೆಲ್ಲ ಆ ಒಂದು ಸಾಲಿಗೆ ನೇತುಬಿದ್ದಿತು. ಪೇಂಟರು ಏಣಿ ಇಳಿದು ಎರಡು ದಿನ ಆಗಿರಲಿಲ್ಲ, ಮೊದಲನೇ ಗಿರಾಕಿ ಬಂದರು.

ಫ್ಯಾನಿನ ಗಾಳಿ

ಬಂದವರು ಒಬ್ಬ ವಕೀಲರು. ಅವರ ಭಾವಮೈದುನ ದುಬೈಯಿಂದ ಒಂದು ಕಂಪ್ಯೂಟರು ಕಳಿಸಿದ್ದ. ನೋಡಲು ಟೈಪ್‌ರೈಟರಿನ ಮುಂಭಾಗ ಮಾತ್ರ ಕತ್ತರಿಸಿ ತಂದಂತಿತ್ತು. ಅದನ್ನು ಮನೆಯ ಟಿವಿಗೆ ಜೋಡಿಸಬೇಕು, ಟೇಪ್‌ರೆಕಾರ್ಡರಿನಲ್ಲಿ ಕ್ಯಾಸೆಟ್ ಹಾಕಿದರೆ ಪ್ರೋಗ್ರಾಂ ಅದರೊಳಗೆ ಇಳಿಯುತ್ತದೆ. ಅಷ್ಟನ್ನೂ ಅವರೇ ನನಗೆ ವಿವರಿಸಿದರು. ನಾನು ಎಲ್ಲ ಗೊತ್ತಿದ್ದವನಂತೆ ತಲೆಯಾಡಿಸುತ್ತ ಅವರ ಮನೆಗೆ ಹೋದೆ.

ಬಳ್ಳಾರಿಯ ಮೇ ತಿಂಗಳು. ಹತ್ತು ನಿಮಿಷಕ್ಕೆ ಕಂಪ್ಯೂಟರು ಬಿಸಿಯಾಗಿ ನಿಂತುಬಿಡುತ್ತಿತ್ತು. ವಕೀಲರು ಸ್ವಂತ ಬುದ್ಧಿ ಉಪಯೋಗಿಸಿ ಅದನ್ನು ಕುಡಿಯುವ ನೀರಿನ ಮಣ್ಣಿನ ಕೊಡದ ಮೇಲೆ ಇಟ್ಟಿದ್ದರು, ಕೆಳಗೆ ಒದ್ದೆ ಗೋಣಿತಟ್ಟು ಬೇರೆ. ಸದ್ಯ, ಕರೆಂಟು ಹೊಡೆದಿರಲಿಲ್ಲ. ನಾನು ಗಂಭೀರವಾಗಿ ಮುಚ್ಚಳ ತೆರೆದೆ, ಒಳಗೆ ಏನೂ ಅರ್ಥವಾಗದೆ ಮುಚ್ಚಿದೆ.

"ಟೇಬಲ್ ಫ್ಯಾನ್ ಹಚ್ಚಿರಿ, ನೇರ ಇದರ ಮುಖಕ್ಕ" ಅಂದೆ.

ಕಂಪ್ಯೂಟರು ಸಂಜೆಯವರೆಗೂ ಓಡಿತು. ಮನೆಯಲ್ಲಿದ್ದದ್ದು ಅದೊಂದೇ ಫ್ಯಾನು. ವಕೀಲರ ಹೆಂಡತಿ ಬೀಸಣಿಕೆ ಆಡಿಸುತ್ತ, "ನಮ್ಮ ತಮ್ಮ ಕಂಪ್ಯೂಟರ್ ಕಳಿಸ್ಯಾನೋ, ಸವತಿನ ಕಳಿಸ್ಯಾನೋ" ಅಂದರು.

ತಿದ್ದಿದ ಅಕ್ಷರ

ಸುದ್ದಿ ಕುರುಗೋಡಿಗೆ ಮುಟ್ಟಿತು. ಅಲ್ಲಿ ನಿವೃತ್ತ ಹೆಡ್‌ಮಾಸ್ತರರ ಮನೆಯಲ್ಲೂ ಅಂಥದೊಂದು ಕಂಪ್ಯೂಟರು. ಅವರು ಆಯುಧಪೂಜೆಗೆ ಅದರ ಗುಂಡಿಗಳನ್ನೆಲ್ಲ ಕಿತ್ತು, ಸೀಗೆಪುಡಿ ಹಾಕಿ ತೊಳೆದು, ಬಿಸಿಲಿಗೆ ಒಣಗಿಸಿ, ಮತ್ತೆ ಕೂಡಿಸಿದ್ದರು. ಕೂಡಿಸುವಾಗ ಎ, ಬಿ, ಸಿ, ಡಿ ಎಂದು ಸಾಲಾಗಿ ಕೂಡಿಸಿದ್ದರು.

"ಮೊದಲು ಹೀಂಗ ಇತ್ತೇನ್ರಿ?" ಅಂದೆ.

"ಇಲ್ಲಪ. ಕ್ಯೂ ಮೊದಲು, ಎ ಎರಡನೇ ಸಾಲಿಗೆ! ಮೂವತ್ತು ವರ್ಷ ಪಾಠ ಹೇಳಿದವನ ಮನ್ಯಾಗ ಅಂಥದು ಇರಬಾರದು, ತಿದ್ದೀನಿ. ಈಗ ಎ ಒತ್ತಿದ್ರ ಕ್ಯೂ ಬರ್ತೈತಿ. ಒಳಗ ತಂತಿ ತಪ್ಪು ಕೊಟ್ಟಾರ. ನೀವು ತಂತಿ ತಿದ್ದಿಕೊಡ್ರಿ."

ಅಸಲಿ ಕ್ರಮ ನನಗೂ ಗೊತ್ತಿರಲಿಲ್ಲ. "ಸಾಮಾನು ತರಬೇಕು" ಎಂದು ಸುಳ್ಳು ಹೇಳಿ ಬಸ್ಸು ಹತ್ತಿ ಬಳ್ಳಾರಿಗೆ ಓಡಿದೆ. ಟೈಪಿಂಗ್ ಇನ್ಸ್ಟಿಟ್ಯೂಟಿನಲ್ಲಿ ಒಂದು ಟೈಪ್‌ರೈಟರಿನ ಮುಂದೆ ನಿಂತು ಅಕ್ಷರಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು, ಮತ್ತೆ ಕುರುಗೋಡಿಗೆ ಬಂದು ಕೂಡಿಸಿದೆ. ಒಂದೊಂದೇ ಗುಂಡಿ ಒತ್ತಿ ಪರದೆ ನೋಡಿದ್ದರೆ ಸಾಕಿತ್ತು ಎಂಬುದು ನನಗೆ ಹೊಳೆದದ್ದು ವಾಪಸ್ ಬರುವ ಬಸ್ಸಿನಲ್ಲಿ.

ಮಾಸ್ತರರು ಕನ್ನಡಕ ಏರಿಸಿ ನೋಡಿದರು. "ಎರಡು ಸಲ ಬಸ್ ಹತ್ತಿ ಬಂದು ಮತ್ತ ತಪ್ಪು ಮಾಡಿಟ್ಟಿ ನೋಡು. ನೀನು ಯಾವ ಸಾಲ್ಯಾಗ ಓದಿದ್ದೀಪಾ?"

ಸಿರುಗುಪ್ಪದ ಸಾಹುಕಾರರು

ಮೂರನೆಯವರು ಸಿರುಗುಪ್ಪದ ಅಕ್ಕಿ ಗಿರಣಿಯ ಸಾಹುಕಾರರು. ಐವತ್ತು ದಾಟಿದ ಮನುಷ್ಯ ಕಂಪ್ಯೂಟರಿನಲ್ಲಿ ಚೆಂಡಾಟ ಆಡುತ್ತಿದ್ದರು. ಆಟ ಕ್ಯಾಸೆಟ್ಟಿನಿಂದ ಇಳಿಯಲು ಹತ್ತು ನಿಮಿಷ ಬೇಕು. ಇಳಿಯುತ್ತಿದ್ದಂತೆಯೇ ಅರ್ಧಕ್ಕೆ ಎಲ್ಲ ಅಳಿಸಿಹೋಗುತ್ತಿತ್ತು. ಅವರು ಪ್ಲಗ್ಗು ಬದಲಿಸಿದ್ದರು, ಎರಡೇಟು ಬಡಿದಿದ್ದರು, ನಿಂಬೆಹಣ್ಣನ್ನೂ ಕಟ್ಟಿದ್ದರು. ಕೊನೆಗೆ ಬಸ್ ಕಂಡಕ್ಟರನ ಕೈಯಲ್ಲಿ ನನಗೆ ಚೀಟಿ ಕಳಿಸಿದರು.

ಮನೆಗೂ ಗಿರಣಿಗೂ ನಡುವೆ ಒಂದೇ ಗೋಡೆ. ಆ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳದು. ನಾನು ಹೊಸ್ತಿಲು ದಾಟುತ್ತಲೇ ಸಾಹುಕಾರರು ಕೂಗಿದರು: "ಲೇ, ಗಿರಣಿ ಬಂದ್ ಮಾಡ್ರಲೇ! ಬಳ್ಳಾರಿಯಿಂದ ಮೆಕ್ಯಾನಿಕ್ ಬಂದಾರ!"

ದೂರದಿಂದ ಬಂದವರ ಮುಂದೆ ಗಿರಣಿ ಓಡಿಸಿ ಕಿವಿ ಕೆಡಿಸುವುದು ಆ ಮನೆಯ ಮರ್ಯಾದೆಯಲ್ಲ. ಅವರು ನನ್ನನ್ನು ಒಳಗೆ ಬಿಟ್ಟು, ಕೆಲಸಕ್ಕೆ ಅಡ್ಡಿಯಾಗಬಾರದೆಂದು ಅಂಗಳದಲ್ಲಿ ಕೂತರು. ನಾನು ಮುಚ್ಚಳ ತೆರೆದೆ, ಊದಿದೆ, ಮುಚ್ಚಿದೆ, ಮನೆದೇವರನ್ನು ನೆನೆದು ಕ್ಯಾಸೆಟ್ ಹಾಕಿದೆ. ಆಟ ಪೂರ್ತಿ ಇಳಿಯಿತು! ಸಾಹುಕಾರರು, "ಎಂಥ ಕೈಗುಣರೀ ನಿಮ್ಮದು!" ಎಂದು ಹೋಳಿಗೆ ಊಟ ಹಾಕಿಸಿ ಕಳಿಸಿದರು.

ವಾರದೊಳಗೆ ಮತ್ತೆ ಚೀಟಿ. ಹೋದೆ, ಗಿರಣಿ ನಿಂತಿತು, ಮುಟ್ಟಿದೆ, ಓಡಿತು. ಮೂರನೇ ಸಲ ಸಾಹುಕಾರರು ನನ್ನ ಸ್ಕ್ರೂಡ್ರೈವರನ್ನೇ ಇಸಿದುಕೊಂಡು ಕಂಪ್ಯೂಟರಿನ ಪಕ್ಕ ಇಟ್ಟು, ಮೇಲೆ ಒಂದು ಹೂವನ್ನೂ ಇಟ್ಟರು. ನಾಲ್ಕನೇ ಚೀಟಿಯಲ್ಲಿ ಬರೆದಿದ್ದರು: "ಸ್ಕ್ರೂಡ್ರೈವರ್ ಸಾಲದು, ನೀವೇ ಬರ್ರಿ."

ಆ ದಿನ ಬಸ್ಸಿನಲ್ಲಿ ನನಗೆ ನಿಜಕ್ಕೂ ಹೆದರಿಕೆಯಾಯಿತು. ಏನು ರಿಪೇರಿ ಮಾಡುತ್ತಿದ್ದೇನೆಂದು ನನಗೇ ಗೊತ್ತಿಲ್ಲ. ಇವತ್ತು ಅದು ಓಡದಿದ್ದರೆ ಇದೇ ಕಂಡಕ್ಟರು ಊರೂರಿಗೆ ಸುದ್ದಿ ಹಂಚುತ್ತಾನೆ, ನಾಳೆ ಅಂಗಡಿಗೆ ಬೀಗ.

ಎಂದಿನಂತೆ ಗಿರಣಿ ನಿಂತಿತು. ನಾನು ಮುಚ್ಚಳ ತೆರೆದು ಸುಮ್ಮನೆ ನೋಡುತ್ತ ಕೂತಿದ್ದೆ. ಮೂಲೆಯ ಮಂಚದ ಮೇಲೆ ಸಾಹುಕಾರರ ತಾಯಿ ಮಲಗಿದ್ದರು. ನಾನು ಬಂದಾಗಲೆಲ್ಲ ಅವರು ನಿದ್ದೆಯಲ್ಲೇ ಇರುತ್ತಿದ್ದರು. ಅವತ್ತು ಕಣ್ಣು ತೆರೆಯದೆಯೇ ಮೆಲ್ಲಗೆ ಮಾತಾಡಿದರು:

"ತಮ್ಮಾ, ಅದರಾಗ ಏನು ಹುಡುಕ್ತಿ? ಗಿರಣಿ ಹಚ್ಚಿದ ಕೂಡ್ಲೇ ಮ್ಯಾಲಿನ ಬಲ್ಬು ಕೆಂಪಗ ಆಗ್ತೈತಿ. ಆ ಡಬ್ಬಿನೂ ಅವಾಗ ಸಾಯ್ತೈತಿ."

ನಾನು ತಲೆಯೆತ್ತಿ ಬಲ್ಬು ನೋಡಿದೆ. ಗಿರಣಿ ಓಡಿದಾಗ ವೋಲ್ಟೇಜು ಬೀಳುತ್ತಿತ್ತು! ಇಪ್ಪತ್ತು ವರ್ಷ ರೇಡಿಯೋ ಬಿಚ್ಚಿದವನು ನಾನು, ಮೊದಲು ನೋಡಬೇಕಾದ್ದೇ ಅದು. ಆದರೆ ನಾನಿರುವಷ್ಟು ಹೊತ್ತು ಗಿರಣಿ ಓಡಿದ್ದರೆ ತಾನೆ? ನನ್ನ ಕೈಗುಣವೆಲ್ಲ ಸಾಹುಕಾರರ ಮರ್ಯಾದೆಯದಾಗಿತ್ತು.

"ಅಮ್ಮಾ, ಇದನ್ನ ಮಗಗ ಯಾಕ ಹೇಳಲಿಲ್ರಿ?"

"ಹೇಳಿದ್ರ ನೀನು ಬರ್ತಿದ್ದಿಲ್ಲ. ನೀನು ಬರದಿದ್ರ ಗಿರಣಿ ನಿಲ್ತಿದ್ದಿಲ್ಲ. ಈ ಮನಿಗೆ ಸೊಸಿಯಾಗಿ ಬಂದಾಗಿಂದ ನಾ ಹಗಲೊತ್ತು ನಿದ್ದಿ ಮಾಡಿದ್ದು ನೀನು ಬಂದ ನಾಕು ದಿನಾನ. ಆಟ ಕೆಟ್ಟಾಗೆಲ್ಲ ನಿನ್ನ ಕರೆಸಂತ ಹೇಳಾಕಿ ನಾನ."

ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಮುಂದುವರಿಸಿದರು: "ನಿನಗ ಆ ಡಬ್ಬಿ ಕೆಲಸ ಬರಂಗಿಲ್ಲಂತ ಮೊದಲನೇ ದಿನಾನ ಗೊತ್ತಾತು ಬಿಡು. ನಾ ಯಾರಿಗೂ ಹೇಳಂಗಿಲ್ಲ. ನೀನೂ ಬಲ್ಬಿನ ಮಾತು ಎತ್ತಬ್ಯಾಡ. ಪ್ರತಿ ಬೇಸ್ತವಾರ ಬಾ."

ಅಂಗಳದಿಂದ ಸಾಹುಕಾರರು ಕೂಗಿದರು: "ಏನಾತ್ರಿ? ಮುಗೀತೇನು?"

ಅಜ್ಜಿ ಗೋಡೆಯ ಕಡೆ ಮಗ್ಗುಲಾಗಿ, ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. "ಎರಡು ತಾಸಿನ ಕೆಲಸ ಐತಿ ಅನ್ನು. ಹೋದ ಸಲ ನೀನು ಭಾಳ ಲಗೂನ ರಿಪೇರಿ ಮಾಡಿದಿ, ನನಗ ಅರ್ಧ ನಿದ್ದಿನೂ ಆಗಲಿಲ್ಲ."