ಎಂಜಿನ್ನಿನ ವಯಸ್ಸು

ಮಧ್ಯಾಹ್ನಕ್ಕೆ ಬೆರಿಲ್‌ಳ ದೊಡ್ಡ ಬ್ರೆಡ್ ಒಲೆ ಗ್ಯಾರೇಜಿಗೆ ಬರುವುದಿತ್ತು. ಅಷ್ಟರಲ್ಲಿ ಅಲ್ಲಿರುವ ಕಾರು ಮಾರಿಹೋಗಬೇಕು, ಇಲ್ಲದಿದ್ದರೆ ನೀನೂ ಅದರಲ್ಲೇ ಮಲಗು ಎಂದು ಆಕೆ ಗಂಡ ಬರ್ನಾರ್ಡನಿಗೆ ಹೇಳಿಬಿಟ್ಟಿದ್ದಳು. ತಮಾಷೆ ಮಾಡುವ ಹೆಂಗಸಲ್ಲ.

ಕಾರು ಅವನು ಕೈಯಾರೆ ಕಟ್ಟಿದ್ದು. ಸ್ನಾನದ ತೊಟ್ಟಿಗೆ ಚಕ್ರ ಸಿಕ್ಕಿಸಿದಂತಿತ್ತು. ಒಳಗೆ ಮೋಟಾರ್‌ಸೈಕಲ್ಲಿನ ಎಂಜಿನ್. ಯಾರ್ಕ್‌ಷೈರಿನ ಆ ಬೀದಿಯಲ್ಲಿ ಅದನ್ನು ಕೊಳ್ಳುತ್ತೇನೆಂದವನು ಪಕ್ಕದ ಮನೆಯ ಕ್ಲೈವ್ ಒಬ್ಬನೇ. ಕಾರು ರಸ್ತೆಗೆ ಲಾಯಕ್ಕೇ ಎಂದು ನೋಡುವ ಇವತ್ತಿನ ತಪಾಸಣೆಯಲ್ಲಿ ಪಾಸಾದರೆ ಅಲ್ಲೇ ಕೀಲಿಕೈ ಇಸಿದುಕೊಳ್ಳುತ್ತೇನೆಂದು ಜೊತೆಗೆ ಹತ್ತಿಕೊಂಡ.

"ಎಂಜಿನ್ ಹಳೇದಾ?" ದಾರಿಯಲ್ಲಿ ಕೇಳಿದ.

"ಹಳೇದಾ? ಹೊಚ್ಚ ಹೊಸದು, ಡಬ್ಬ ಒಡೆದು ಕೂರಿಸಿದ್ದು," ಎಂದ ಬರ್ನಾರ್ಡ್. ನಿಜಕ್ಕೂ ತಂದದ್ದು ಗುಜರಿಯಿಂದ.

"ಮತ್ತೆ ಯಾಕೆ ಕೆಮ್ತಿದೆ?"

"ಚಳಿ. ಬೆಳಿಗ್ಗೆ ನೀನು ಕೆಮ್ಮಲ್ವಾ?"

ತಪಾಸಣಾ ಕೇಂದ್ರದ ಲಿನ್ ಕಾರಿನ ಸುತ್ತ ಒಂದು ಸುತ್ತು ಹಾಕಿದಳು. "ಕಾರಿನದ್ದಲ್ಲ, ಎಂಜಿನ್ನಿನ ವಯಸ್ಸು ಹೇಳಿ. ಹಳೇದಾದ್ರೆ ಹೊಗೆ ಕಣ್ಣಲ್ಲೇ ನೋಡಿ ಬಿಡ್ತೀನಿ. ಹೊಸದಾದ್ರೆ ಹೊಗೆ ಕೊಳವೆಗೆ ಮೀಟರ್ ಹಾಕ್ತೀನಿ."

ಬರ್ನಾರ್ಡ್ ಕ್ಲೈವನ ಮುಖ ನೋಡಿದ. ಕ್ಲೈವ್ ಅವನ ಮುಖ ನೋಡುತ್ತಿದ್ದ.

"ಹೊಸದು," ಎಂದ ಬರ್ನಾರ್ಡ್.

ಮೀಟರಿನ ಅಂಕಿ ಹಾಲು ಉಕ್ಕಿದಂತೆ ಏರಿತು. ಲಿನ್ ತಲೆಯಾಡಿಸಿದಳು. ಫೇಲು.

ಕ್ಲೈವ್ ನಿಟ್ಟುಸಿರುಬಿಟ್ಟ. "ನನಗೆ ಬೇಕಿದ್ದದ್ದು ಹಳೇ ಎಂಜಿನ್ನೇ ಮಾರಾಯ. ಈ ಮೀಟರಿನ ಕಾಟ ವರ್ಷಾ ವರ್ಷಾ ಯಾರಿಗೆ ಬೇಕು? ಅದಕ್ಕೇ ದಾರೀಲಿ ಕೇಳಿದ್ದು."

"ಹಳೇದೇ ಕ್ಲೈವ್. ಗುಜರಿದು. ದೇವರಾಣೆ."

"ಆಗ ಹೊಸದು ಅಂದೆ, ಈಗ ಹಳೇದು ಅಂತೀಯ." ಕ್ಲೈವ್ ಕೋಟಿನ ಗುಂಡಿ ಹಾಕಿಕೊಂಡ. "ಬ್ರೇಕ್ ಇದೆ ಅಂತಾನೂ ನೀನೇ ಹೇಳಿದ್ದು."

ಬಸ್ ನಿಲ್ದಾಣದ ಕಡೆಗೆ ನಡೆದೇಬಿಟ್ಟ.

"ನೀವಾದ್ರೂ ಇನ್ನೊಂದ್ಸಲ ನೋಡಿ, ಹಳೇದು ಅಂತ," ಎಂದ ಬರ್ನಾರ್ಡ್, ಲಿನ್ ಕಡೆ ತಿರುಗಿ.

"ಹಳೇದು ಅನ್ನೋದಕ್ಕೆ ಪುರಾವೆ ತಂದು ಇನ್ನೊಂದು ದಿನ ಬನ್ನಿ. ಈಗ ಕಾರು ಹಿಂದಕ್ಕೆ ತೆಗೀರಿ, ಜನ ಕಾಯ್ತಿದಾರೆ."

ಬೈಕಿನ ಎಂಜಿನ್ನಿಗೆ ಹಿಂದಕ್ಕೆ ಹೋಗುವ ಗೇರು ಎಲ್ಲಿಂದ ಬರಬೇಕು? ಬರ್ನಾರ್ಡ್ ಇಳಿದು ಕಾರಿನ ಮೂತಿಗೆ ಭುಜ ಕೊಟ್ಟ. ಆಗಲೇ ಫೋನು ಬಡಿದುಕೊಂಡಿತು. ಬೆರಿಲ್.

"ಒಲೆ ಬಂತು. ಗ್ಯಾರೇಜಿಗೇ ಇಳಿಸ್ತಿದಾರೆ. ಕಾರು ಹೋಯ್ತಾ?"

"ಹೋಗ್ತಾ ಇದೆ," ಎಂದ ಬರ್ನಾರ್ಡ್, ತಳ್ಳುತ್ತ.