ಮಸ್ಕಿಗೆ ಮಾತ್ರ ಮುಟ್ಟುವ ಅಲೆ

ನಮ್ಮ ಭಾವನವರು ಜೀವಮಾನದಲ್ಲಿ ಮನೆಯವರ ಜೊತೆ ಆಡಿದ ಮಾತಿಗಿಂತ ಗಾಳಿಯ ಜೊತೆ ಆಡಿದ ಮಾತೇ ಹೆಚ್ಚು. ಹಾಗೆಂದ ಮಾತ್ರಕ್ಕೆ ಅವರಿಗೆ ಹುಚ್ಚು ಎಂದು ತಿಳಿಯಬೇಡಿ. ತಿಳಿದರೂ ಅಡ್ಡಿಯಿಲ್ಲ ಬಿಡಿ, ಮದುವೆಯಾಗಿ ಲಿಂಗಸುಗೂರಿಗೆ ಬಂದ ಹೊಸದರಲ್ಲಿ ನಾನೂ ಹಾಗೆಯೇ ತಿಳಿದಿದ್ದೆ!

ಆಗ ನಿಜಾಮರ ಕಾಲ. ನನ್ನ ತವರು ಮಸ್ಕಿ. ಹೊಸ ಸೊಸೆಯಾಗಿ ಗಾಡಿಯಿಂದಿಳಿದು ಇನ್ನೇನು ಬಾಗಿಲಿಗೆ ಬರಬೇಕು, ಮಾಳಿಗೆಯ ಮೇಲಿಂದ ಯಾರೋ, “ನಿಂದರ್ರಿ! ಯಾರೂ ಕಾಲಿಡಬ್ಯಾಡ್ರಿ! ತಂತಿ ಐತಿ!” ಎಂದು ಅರಚಿದರು. ತಲೆಯೆತ್ತಿ ನೋಡಿದರೆ ಹಣೆ ತುಂಬ ವಿಭೂತಿ, ಎರಡು ಕಿವಿಗೂ ಕವುಚಿದ ಎರಡು ಕರಿ ಬಟ್ಟಲು, ಕೈಯಲ್ಲೊಂದು ಉದ್ದನೆಯ ಬಿದಿರಿನ ಕೋಲು! ಆ ಬಟ್ಟಲುಗಳಿಗೆ ಹೆಡ್‌ಫೋನ್ ಎನ್ನುತ್ತಾರೆಂದು ನನಗೇನು ಗೊತ್ತು? ನನ್ನ ಮುಖ ನೋಡಿ ಅತ್ತೆ ಬೆನ್ನು ಸವರಿದರು.

“ಅಂವ ನಮ್ಮ ಹಿರಿ ಮಗ. ಅಂಜಬ್ಯಾಡವಾ, ಕಡಿಯಂಗಿಲ್ಲ.”

ಭಾವನವರದು ರೇಡಿಯೊ ಹವ್ಯಾಸ. ಮಾಳಿಗೆಯ ಕೋಣೆಯಲ್ಲಿ ತಾವೇ ಜೋಡಿಸಿದ ಯಂತ್ರದ ಮುಂದೆ ಕೂತು ದೇಶದೇಶದ ದನಿ ಕೇಳುತ್ತಿದ್ದರು. ಮದುವೆಯ ಮಾತೆತ್ತಿದರೆ, “ಬ್ಯಾಟರಿ ಮುಗದೈತಿ, ಆಮ್ಯಾಲ ನೋಡೂಣು” ಎನ್ನುವರು. ಕಾದು ಕಾದು ಬೇಸತ್ತು ಮನೆಯವರು ತಮ್ಮನಿಗೆ ನನ್ನನ್ನು ತಂದು ಮದುವೆ ಮಾಡಿದ್ದರು. ಹಾಗೆ ನೋಡಿದರೆ ನನ್ನ ಸಂಸಾರ ನಡೆದದ್ದೇ ಆ ಬ್ಯಾಟರಿಯ ಕೃಪೆಯಿಂದ!

ಊರಲ್ಲಿ ಕರೆಂಟು ಎಲ್ಲಿಯದು? ಬ್ಯಾಟರಿಗೆ ಜೀವ ತುಂಬಿಸಲು ರಾಯಚೂರಿಗೇ ಒಯ್ಯಬೇಕು. ಒಮ್ಮೆ ಭಾವನವರೂ ಮಾವನವರೂ ಕೂಡಿ ಬಸ್ಸಿನಲ್ಲಿ ಹೋದರು. ಬಸ್ಸು ತಿರುಗಿ ಬಂದಾಗ ನೋಡಿದರೆ, ಬ್ಯಾಟರಿ ಒಳಗೆ ಸೀಟಿನ ಮೇಲೆ ಟವೆಲ್ಲು ಹೊದ್ದು ಕೂತಿದೆ, ಮಾವನವರು ಬಸ್ಸಿನ ನೆತ್ತಿಯ ಮೇಲೆ ಹತ್ತಿಮೂಟೆಗಳ ನಡುವೆ ಧೂಳು ತಿನ್ನುತ್ತಿದ್ದಾರೆ! ಇನ್ನೊಂದು ದಿನ ಬೆಳಿಗ್ಗೆ ಬಚ್ಚಲಿಗೆ ಹೋದರೆ ನೀರು ಕಾಯಿಸುವ ತಾಮ್ರದ ಹಂಡೆಯೇ ಮಾಯ. ಕಳ್ಳತನವಾಯಿತೆಂದು ನಾನು ಬೊಬ್ಬೆ ಹಾಕಿದೆ. ಹಂಡೆ ಮೇಲಿನ ಕೋಣೆಯಲ್ಲೇ ಇತ್ತು, ಆದರೆ ಹಂಡೆಯಾಗಿ ಇರಲಿಲ್ಲ. ತಗಡು ತಗಡಾಗಿ ಯಂತ್ರದ ಹೊಟ್ಟೆ ಸೇರಿತ್ತು.

ಇಷ್ಟೆಲ್ಲ ಬೆಚ್ಚಿಬಿದ್ದರೂ ನಾನು ಭಾವನವರ ಮುಂದೆ ಒಂದು ಮಾತು ಆಡಿದವಳಲ್ಲ. ಗಂಡನ ಅಣ್ಣನೆದುರು ನಿಲ್ಲಬಾರದು, ಮಾತಾಡಬಾರದು, ಅವರು ಬಂದರೆ ಸೆರಗು ಎಳೆದುಕೊಂಡು ಕದದ ಮರೆಗೆ ಸರಿಯಬೇಕು. ಅದು ನಮ್ಮ ಕಡೆಯ ರಿವಾಜು. ಅವರೂ ನನ್ನ ಕಡೆ ನೋಡುತ್ತಿರಲಿಲ್ಲ. ಕಿವಿಯಂತೂ ಬಟ್ಟಲಿನೊಳಗೆ. ಈ ಮನುಷ್ಯನಿಗೆ ಮನೆಯಲ್ಲಿ ಇನ್ನೊಂದು ಜೀವ ಬಂದಿದೆ ಎನ್ನುವುದಾದರೂ ಗೊತ್ತಿದೆಯೋ ಇಲ್ಲವೋ ಎಂದು ನನಗೆ ಅನುಮಾನವಿತ್ತು.

ನನ್ನ ದುಃಖವೇ ಬೇರೆ. ಮದುವೆಯ ಊಟದಲ್ಲಿ ನನ್ನ ಮಾವ, “ಬೀಗರು ತುಪ್ಪ ನೀಡಾಕ ಭಾಳ ಹಿಂದಮುಂದ ನೋಡತಾರ” ಎಂದು ನಕ್ಕಿದ್ದರು. ನನ್ನಪ್ಪ ಹೋಳಿಗೆಯ ಬುಟ್ಟಿ ಕೆಳಗಿಟ್ಟು, “ಇನ್ನ ನಿಮ್ಮ ಹೊಸ್ತಿಲಾ ತುಳದರ ಕೇಳ್ರಿ!” ಎಂದುಬಿಟ್ಟ. ನನ್ನ ಮಾವ, “ಕರದವರು ಯಾರು?” ಎಂದರು. ಎರಡು ಚಮಚ ತುಪ್ಪಕ್ಕೆ ನನ್ನ ತವರಿನ ದಾರಿ ಮುಚ್ಚಿಹೋಯಿತು! ನಾಗರಪಂಚಮಿಗೆ ಓಣಿಯ ಸೊಸೆಯರೆಲ್ಲ ತವರಿಗೆ ಜೋಕಾಲಿಯಾಡಲು ಹೋದರು. ನನ್ನನ್ನು ಕರೆಯಲು ಯಾರೂ ಬರಲಿಲ್ಲ. ಕರೆಯದೆ ಹೋಗುವಂತಿಲ್ಲ. ವರುಷ ಕಳೆಯಿತು, ಇನ್ನೊಂದು ಪಂಚಮಿ ಹತ್ತಿರ ಬಂತು. ಹೋಗುವ ಆಸೆ ಮನಸ್ಸಿನಲ್ಲೇ ಉಳಿಯಿತು, ಯಾರಿಗೆ ಹೇಳಲಿ?

ಇಂಥ ದಿನಗಳಲ್ಲೇ ಒಂದು ಮಧ್ಯಾಹ್ನ ಅಮೀನಸಾಹೇಬರು, ಅಂದರೆ ಪೊಲೀಸ್ ಅಧಿಕಾರಿ, ಮನೆ ಮುಂದೆ ಕುದುರೆ ನಿಲ್ಲಿಸಿದರು. ಅತ್ತೆ, “ಹಿಡಕೊಂಡು ಹೋಗಾಕ ಬಂದಾರ!” ಎಂದು ಗೋಳಿಟ್ಟರು. ಸಾಹೇಬರು ಕೈಯೆತ್ತಿ, “ಘಾಬರಿ ಆಗಬ್ಯಾಡ್ರಿ ಅಮ್ಮಾ. ಇಜಾಜತ್ ಬಂದೈತಿ” ಎಂದರು.

ವರುಷಗಟ್ಟಲೆ ಅರ್ಜಿ ಹಾಕಿದ ಫಲ, ಸರ್ಕಾರದ ಪರವಾನಗಿ! ಕೇಳುವುದಷ್ಟೇ ಅಲ್ಲ, ಇನ್ನು ಮೇಲೆ ಭಾವನವರು ಮಾತನ್ನೂ ಗಾಳಿಗೆ ಬಿಡಬಹುದು. ಸಾಹೇಬರು ಉರ್ದು ಓದಿ ಕನ್ನಡದಲ್ಲಿ ಹೇಳಿದರು: ದೂರದೇಶಕ್ಕೆ ಹೋಗುವ ಉದ್ದ ಅಲೆ ಒಂದು, ಹವ್ಯಾಸಿಗಳಿಗೆಂದು ಹೊಸದಾಗಿ ಬಿಟ್ಟುಕೊಟ್ಟ ಅತಿ ಕಿರು ಅಲೆ ಇನ್ನೊಂದು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ರಾಜಕೀಯ ಮಾತಾಡಬಾರದು, ವ್ಯಾಪಾರ ಮಾತಾಡಬಾರದು, ಮನೆವಾರ್ತೆ ಮಾತಾಡಬಾರದು. ಯಂತ್ರದ ಪರೀಕ್ಷೆಯ ಮಾತು ಮಾತ್ರ.

“ಹಂಗಾದರ ಮಾತಾಡೂದರ ಏನು?” ಎಂದರು ಮಾವ.

“ಕೇಳಿಸತೈತೇನು ಅಂತ ಕೇಳೂದು. ಕೇಳಿಸತೈತಿ ಅಂತ ಹೇಳೂದು” ಎಂದರು ಭಾವ, ಬಹಳ ಗಂಭೀರವಾಗಿ. ಆಮೇಲೆ ಸಾಹೇಬರ ಕಡೆ ತಿರುಗಿ, “ಕಿರು ಅಲೀನ ಬರಕೋರಿ” ಎಂದರು.

ಹೊಸದೆಂದರೆ ಒಳ್ಳೆಯದೇ ಇರಬೇಕೆಂದು ನಾವೆಲ್ಲ ಸಂಭ್ರಮಿಸಿದೆವು. ಮೊದಲ ದಿನ ಅರ್ಧ ಊರೇ ನಮ್ಮ ಮಾಳಿಗೆಯ ಮೇಲಿತ್ತು. ಲಂಡನ್ನಿನ ಬಾದಶಹ ಮಾತಾಡುತ್ತಾನೆಂದು ಯಾರೋ ಗುಲ್ಲೆಬ್ಬಿಸಿದ್ದರಿಂದ ಮಾವನವರು ಹೊಸ ರುಮಾಲು ಸುತ್ತಿ ಮುಂದಿನ ಸಾಲಿನಲ್ಲಿ ಕೂತಿದ್ದರು. ನಾವು ಹೆಂಗಸರು ಮೆಟ್ಟಿಲ ಮೇಲೆ. ಭಾವ ಹೆಡ್‌ಫೋನ್ ಕಳಚಿ, ಯಂತ್ರಕ್ಕೊಂದು ಸ್ಪೀಕರು ಸಿಕ್ಕಿಸಿ ಗುಂಡಿ ತಿರುವಿದರು. ಗರಗರ ಸದ್ದು. ಆಮೇಲೆ ಒಂದು ಕೆಮ್ಮು. ಎಲ್ಲರೂ ಮುಂದಕ್ಕೆ ಬಾಗಿದರು. ಮತ್ತೊಂದು ಕೆಮ್ಮು.

“ನಾ ಮಸ್ಕಿ ಗುಡ್ಡದ ಮ್ಯಾಲಿಂದ... ಕೇಳಿಸತೈತೇನ್ರಿ?”

ಮಸ್ಕಿಯ ಸಾಲಿ ಮಾಸ್ತರು! ಭಾವನವರ ಗೆಳೆಯರು, ಅವರೂ ಇಜಾಜತ್ ಪಡೆದವರು. ಮಾವನವರ ಬಾಯಿ ತೆರೆದದ್ದು ತೆರೆದೇ ಇತ್ತು.

“ಇದಕ್ಕ ಇಷ್ಟು ವರ್ಷ ಕಾದೇನಲೇ? ಬಸ್ ಹತ್ತಿದ್ದರ ಹೋಗಿ ಆ ಕೆಮ್ಮು ಎದುರಿಗೇ ಕೂತು ಕೇಳಿ ಬರಬೌದಿತ್ತಲ್ಲೋ!”

ಆಗ ತಿಳಿಯಿತು ನೋಡಿ ಕಿರು ಅಲೆಯ ಗುಣ. ಅದು ಗುಡ್ಡ ಹತ್ತಿ ಇಳಿಯುವುದಿಲ್ಲ, ಸಮುದ್ರ ದಾಟುವುದಿಲ್ಲ. ನೆಟ್ಟಗೆ ಹೋಗುತ್ತದೆ, ಕಣ್ಣಿಗೆ ಕಂಡ ಕಡೆ ಮಾತ್ರ ಮುಟ್ಟುತ್ತದೆ. ಮಸ್ಕಿಯಾಚೆಯ ಸಿಂಧನೂರಿಗೂ ಮುಟ್ಟಲಿಲ್ಲ. ನಮ್ಮ ಮನೆ ದಿನ್ನೆಯ ಮೇಲಿದ್ದು, ಮಾಳಿಗೆಯಿಂದ ತಿಳಿಯಾದ ದಿನ ದೂರದಲ್ಲಿ ಮಸ್ಕಿ ಗುಡ್ಡ ಕಾಣುತ್ತಿದ್ದುದರಿಂದ ಅಲ್ಲಿಗೊಂದಕ್ಕೆ ಮುಟ್ಟಿತು. ಲಂಡನ್ನು ಕೊಡುತ್ತೇವೆಂದರೆ ಮಸ್ಕಿ ಸಾಕೆನ್ನುವ ಗಂಡಸನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಊರಿನವರು ನಕ್ಕೂ ನಕ್ಕೂ ಮನೆಗೆ ಹೋದರು. ನನಗೆ ಮಾತ್ರ ನಗು ಬರಲಿಲ್ಲ. ಆ ಮಾಸ್ತರ ಕೆಮ್ಮಿನ ಹಿಂದೆ ನಮ್ಮೂರಿನ ಗಾಳಿಯ ಸದ್ದಿತ್ತು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಪಂಚಮಿಗೆ ಕೆಲವೇ ದಿನಗಳಿದ್ದವು. ಭಾವನವರು ಅತ್ತೆಗೆ, “ಯವ್ವಾ, ಹೆಣ್ಣು ದನಿ ಹೆಂಗ ಮುಟ್ಟತೈತಿ ಅಂತ ಪರೀಕ್ಷಾ ಮಾಡೂದೈತಿ. ಸೊಸೀನ ಮ್ಯಾಲ ಕಳಸು” ಎಂದರು. ಪರೀಕ್ಷೆಗೆ ನಾನೇ ಏಕೆ? “ನಿನ್ನ ದನಿ ಗಂಡು ದನಿ” ಎಂದರಂತೆ ತಾಯಿಗೆ! ಅತ್ತೆ ಮೂರು ದಿನ ಮಗನಿಗೆ ರೊಟ್ಟಿ ಬಡಿಸಲಿಲ್ಲ, ಅದು ಬೇರೆ ಮಾತು.

ಸೆರಗು ಮೂಗಿನವರೆಗೆ ಎಳೆದುಕೊಂಡು, ಭಾವನವರು ತೋರಿಸಿದಂತೆ ಮೈಕು ಹಿಡಿದು ಅದರ ಗುಂಡಿ ಒತ್ತಿ, “ಕೇಳಿಸತೈತೇನ್ರಿ?” ಎಂದೆ. ಗುಂಡಿ ಬಿಟ್ಟೆ. ಗರಗರ.

“ಕೇಳಿಸತೈತಿ ಮಗಳ!”

ಅವ್ವ! ಮಾಸ್ತರ ಜೊತೆ ನಮ್ಮವ್ವ ಗುಡ್ಡ ಹತ್ತಿ ಬಂದಿದ್ದಳು! ನಾನು ಗುಂಡಿ ಒತ್ತಿ “ಯವ್ವಾ” ಎಂದೆ. ಅತ್ತ ಅವಳೂ ಒತ್ತಿದಳು. ಇಬ್ಬರೂ ಒತ್ತಿಹಿಡಿದು ಮಾತಾಡಿದರೆ ಇಬ್ಬರಿಗೂ ಏನೂ ಕೇಳಿಸುವುದಿಲ್ಲ. ನಾವು ಅವ್ವ ಮಗಳು ಹುಟ್ಟಿದಾಗಿನಿಂದ ಒಟ್ಟಿಗೇ ಮಾತಾಡಿದವರು, ಸರದಿ ಕಾದು ಗೊತ್ತಿಲ್ಲ! ಕೊನೆಗೆ ಅಳು ಮುಗಿಸಿ ಗುಂಡಿ ಬಿಟ್ಟಾಗ ಗಂಡು ದನಿಯೊಂದು ಬಂತು. ಹೊಸ್ತಿಲು ತುಳಿಯುವುದಿಲ್ಲವೆಂದಿದ್ದ ನನ್ನಪ್ಪ. ಗಾಳಿಗೆ ಹೊಸ್ತಿಲು ಎಲ್ಲಿಯದು?

“ದನಿ ಬಂತು, ಆದರ ಭಾಳ ಸೊರಗೈತಿ. ಉಣ್ಣಾಕ ಹಾಕತಾರೋ ಇಲ್ಲೋ?”

ಭಾವನವರು ನನ್ನ ಕೈಯಿಂದ ಮೈಕು ಕಸಿದುಕೊಂಡು, “ಅದು ಯಂತ್ರದ ದೋಷ ರೀ! ನಮ್ಮ ಮನ್ಯಾಗ ಊಟಕ್ಕ ಕೊರತಿ ಇಲ್ಲ!” ಎಂದು ಅರಚಿದರು. ಮನೆವಾರ್ತೆ ಮಾತಾಡಬಾರದೆಂಬ ಸರ್ಕಾರದ ಹುಕುಂ ಅಲ್ಲಿಗೆ ಮಣ್ಣುಪಾಲಾಯಿತು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಹೊರಗೆ ಕಟ್ಟೆಯ ಮೇಲೆ ಅಪ್ಪ ಕೂತಿದ್ದ! ಪಕ್ಕದಲ್ಲಿ ಗಾಡಿಯಿಂದ ಬಿಚ್ಚಿದ ಎತ್ತುಗಳು.

“ಒಳಗ ಬರಾಂಗಿಲ್ಲ” ಎಂದ. “ದೋಷ ಯಂತ್ರದ್ದೋ ಬೀಗರದ್ದೋ ಕಣ್ಣಲೆ ನೋಡಿ ಹೋಗೂಣು ಅಂತ ಬಂದೀನಿ.”

ಮಾವನವರು ಆ ಮುಖ ಈ ಮುಖ ನೋಡಿದರು. ಒಳಗೆ ಹೋದರು. ತಿರುಗಿ ಬಂದವರ ಕೈಯಲ್ಲಿ ಬಿಸಿ ರೊಟ್ಟಿಯ ತಾಟು. ರೊಟ್ಟಿ ಕಾಣದಷ್ಟು ತುಪ್ಪ! ಅಪ್ಪ ತಾಟು ನೋಡಿದ, ಮಾವನ ಮುಖ ನೋಡಿದ. “ಪಂಚಮಿಗೆ ಮಗಳನ್ನ ಕರಕೊಂಡು ಹೋಗತೀನ್ರಿ” ಎಂದು ತುತ್ತು ಮುರಿದ.

ಗಂಟು ಕಟ್ಟಿಕೊಂಡು ಹೊರಟಾಗ ಭಾವನವರು ಅಂಗಳದಲ್ಲಿ ತಂತಿ ಸುತ್ತುತ್ತಿದ್ದರು. ಏನಾಯಿತೋ, ನಾನು ಕದದ ಮರೆಗೆ ಸರಿಯಲಿಲ್ಲ. ಮೊದಲ ಸಲ ಅವರೆದುರು ನಿಂತು ಕೇಳಿಯೇಬಿಟ್ಟೆ: “ಭಾವ, ಲಂಡನ್ ಬಿಟ್ಟು ಮಸ್ಕಿ ಯಾಕ ತಗೊಂಡ್ರಿ?”

ಅವರು ತಲೆ ಎತ್ತಲಿಲ್ಲ.

“ದಿನಾ ಮೆಣಸಿನಕಾಯಿ ಒಣಗಿಸಾಕ ಅಂತ ಮ್ಯಾಲ ಬಂದು ಆ ಗುಡ್ಡ ನೋಡಕೋತ ನಿಂದರತಿದ್ದಿ ತಾಯಿ. ನಿನ್ನ ಕಣ್ಣು ಮುಟ್ಟತೈತಿ ಅಂದಮ್ಯಾಲ ಅಲೀನೂ ಮುಟ್ಟತೈತಿ ಅನಿಸಿತು.”

ಗಾಡಿ ಹೊರಟಿತು. ವರುಷವಿಡೀ ಹಂಬಲಿಸಿದ ಮಸ್ಕಿ ಮುಂದೆ ಮುಂದೆ ಬರುತ್ತಿತ್ತು. ನಾನು ಮಾತ್ರ ದಾರಿಯುದ್ದಕ್ಕೂ ಹಿಂದಕ್ಕೆ ತಿರುಗಿ, ಕಣ್ಣೀರು ಒರೆಸಿಕೊಳ್ಳುತ್ತ, ಕಾಣುವವರೆಗೂ ಆ ಮಾಳಿಗೆಯನ್ನೇ ನೋಡುತ್ತ ಹೋದೆ.